ಮೂರನೇ ಸಾಲಿನ ನಗು

“ಆ ನಗು... ಅದನ್ನ ಹಾಕೋದು ನೀವೇನಾ?”

ಅವಳು ಹೆಡ್‌ಫೋನ್ ತೆಗೆದು ತಿರುಗಿ ನೋಡಿದಳು.

ಸೌಂಡ್ ರೂಮಿನ ಬಾಗಿಲಲ್ಲಿ ಒಬ್ಬ ಅಪರಿಚಿತ ನಿಂತಿದ್ದ. ಕೊರಳಲ್ಲಿ ಪ್ರೇಕ್ಷಕರಿಗೆ ಕೊಡುವ ಹಳದಿ ಪಾಸು. ಕಣ್ಣು ಕೆಂಪಾಗಿದ್ದವು. ಕನ್ನಡಕ ಒರೆಸುವ ಬಟ್ಟೆಯೊಂದನ್ನು ಕೈಯಲ್ಲಿ ಹಿಂಡಿ ಮುದ್ದೆ ಮಾಡಿದ್ದ.

“ಯಾವ ನಗು?”

“ಈಗ ಸ್ಪೀಕರಿನಲ್ಲಿ ಕೇಳಿಸಿತಲ್ಲ. ಕೊನೆಗೆ ‘ಅಯ್ಯಯ್ಯೋ’ ಅಂತಾರಲ್ಲ... ಅದು.”

ಅವಳ ಮುಖ ಅರಳಿತು. ಪಾಪ, ಅವಳಿಗೇನು ಗೊತ್ತು!

“ಓ ಅದಾ! ನನಗೂ ಅದೇ ತುಂಬಾ ಇಷ್ಟ. ಎಷ್ಟೇ ಸಪ್ಪೆ ಜೋಕಿರಲಿ, ಆ ನಗು ಹಾಕಿದ್ರೆ ಸಾಕು, ಜೀವ ಬಂದುಬಿಡುತ್ತೆ.”

“ಅದು ನಮ್ಮಮ್ಮ,” ಎಂದ ಅವನು. “ತೀರಿಕೊಂಡು ಎರಡು ವರ್ಷ ಆಯ್ತು.”

ಅವಳು ಹೆಡ್‌ಫೋನ್ ಕೆಳಗಿಟ್ಟಳು. ಏನಾದರೂ ಹೇಳುವಷ್ಟರಲ್ಲಿ ಸ್ಟುಡಿಯೋ ಮ್ಯಾನೇಜರ್ ಓಡಿಬಂದ. “ಏನ್ರೀ, ಪ್ರೇಕ್ಷಕರು ಇಲ್ಲಿಗೆಲ್ಲಾ ಬರಬಾರ್ದು! ನಡೀರಿ, ನಡೀರಿ!”

“ಒಂದು ನಿಮಿಷ, ಇವರಿಗೆ ಒಂದು ಮಾತು ಹೇಳ್ಬೇಕಿತ್ತು...”

ಆ ಮಾತು ಅವನ ಬಾಯಲ್ಲೇ ಉಳಿಯಿತು. ಹಿಂಡಿದ ಬಟ್ಟೆ ಮಾತ್ರ ನೆಲದ ಮೇಲೆ ಬಿದ್ದಿತ್ತು. ಅದರ ಮೂಲೆಯಲ್ಲಿ ಒಂದು ಕನ್ನಡಕದಂಗಡಿಯ ವಿಳಾಸವಿತ್ತು.

ಅವಳ ಕೆಲಸ ಎಂಥದ್ದು ಅಂತ ಹೇಳಿಬಿಡುತ್ತೇನೆ. ‘ಸುದ್ದಿ ಸುಸ್ತು’ ಎಂಬುದು ಪ್ರತಿ ಭಾನುವಾರ ಸಂಜೆ ಟೀವಿಯಲ್ಲಿ ಬರುವ ಹಾಸ್ಯ ಕಾರ್ಯಕ್ರಮ. ವಾರದ ಸುದ್ದಿ, ಧಾರಾವಾಹಿ, ಸಿನಿಮಾ ಮಂದಿ, ಯಾರನ್ನೂ ಬಿಡದೆ ಕಾಲೆಳೆಯುವುದು ಅದರ ಕಸುಬು. ಆದರೆ ಸ್ಟುಡಿಯೋದಲ್ಲಿ ಕೂತ ಜನ ಎಲ್ಲ ಜೋಕಿಗೂ ನಗಬೇಕಲ್ಲ? ನಗದೇ ಹೋದ ಕಡೆ ಹಿಂದಿನ ಪ್ರೇಕ್ಷಕರ ರೆಕಾರ್ಡಾದ ನಗುಗಳನ್ನು ತಂದು ಹೊಲಿಗೆ ಕಾಣದಂತೆ ಅಂಟಿಸುವವಳು ಇವಳು. ಎಲ್ಲರೂ ಅವಳನ್ನು ‘ನಗು ಮೇಡಂ’ ಎನ್ನುತ್ತಿದ್ದರು. ಹಾಗೆ ಕರೆಸಿಕೊಂಡವಳು ತಾನು ನಕ್ಕಿದ್ದನ್ನು ಮಾತ್ರ ಅಲ್ಲಿ ಯಾರೂ ಕಂಡವರಿಲ್ಲ!

ಛೇ... ತೀರಿಕೊಂಡವರ ನಗುವನ್ನು ಯಾವುದೋ ನಟನ ವಿಚ್ಛೇದನದ ಜೋಕಿಗೆ ಅಂಟಿಸಿದೆನಲ್ಲ! ಮಗನ ಕರುಳು ಎಷ್ಟು ಕಿವುಚಿರಬೇಡ?

ಹಿಂದೆಮುಂದೆ ನೋಡಲಿಲ್ಲ. ‘ಅಯ್ಯಯ್ಯೋ’ ಎಂದು ಹೆಸರಿಟ್ಟಿದ್ದ ಆ ನಗುವನ್ನು ಕಂಪ್ಯೂಟರಿನಿಂದ ಅಳಿಸಿದಳು. ಮರಳಿ ಬಾರದಂತೆ ಅಳಿಸಿದಳು. ಮನಸ್ಸು ಹಗುರಾಯಿತು ಅಂದುಕೊಂಡಳು.

ಒಳ್ಳೆಯದನ್ನೇ ಮಾಡಿದೆ ಅಂತ ನಂಬಿದವರನ್ನು ಯಾರು ತಡೆಯಬೇಕು, ಹೇಳಿ?

* * *

ಧೈರ್ಯ ಕೂಡಿಸಿಕೊಳ್ಳಲು ಕೆಲವು ವಾರಗಳೇ ಹಿಡಿದವು. ಕೊನೆಗೊಂದು ಭಾನುವಾರ ಸಂಜೆ, ಕ್ಷಮೆ ಕೇಳಿ ಬರೋಣವೆಂದು ಆ ವಿಳಾಸ ಹುಡುಕಿಕೊಂಡು ಹೋದಳು.

ಅಂಗಡಿಯ ಶಟರ್ ಅರ್ಧ ಇಳಿದಿತ್ತು. ಒಳಗಿಂದ ಗದ್ದಲವೋ ಗದ್ದಲ!

“ಆ ಹೀರೋ ಮತ್ತೆ ನಿವೃತ್ತಿ ಅಂತೆ!”

“ಹೋದ ವರ್ಷಾನೂ ನಿವೃತ್ತಿ ಆಗಿದ್ನಲ್ಲ?”

“ಅದು ರಿಹರ್ಸಲ್ಲು!”

ಬಗ್ಗಿ ನೋಡಿದಳು. ಕನ್ನಡಕದ ಫ್ರೇಮುಗಳ ನಡುವೆ ಗೋಡೆಗೆ ಒಂದು ಟೀವಿ. ಅದರ ಮುಂದೆ ಮೂರು ಕುರ್ಚಿ. ಒಬ್ಬರು ನಿವೃತ್ತ ಬಸ್ ಚಾಲಕರು, ಎಲ್ಲರಿಗೂ ಡ್ರೈವರ್ ಮಾವ. ಇನ್ನೊಬ್ಬರು ಪಕ್ಕದ ಬೀದಿಯ ಟೀಚರಮ್ಮ. ನಡುವೆ ಕಪ್ಪು ಕನ್ನಡಕದ ಒಬ್ಬ ವೃದ್ಧರು. ಕೌಂಟರಿನ ಹಿಂದೆ... ಅವನು! ಅವಳನ್ನು ಕಂಡದ್ದೇ ಅವನ ಕೈಯ ಸ್ಕ್ರೂಡ್ರೈವರ್ ಜಾರಿತು.

“ಬಾಮ್ಮಾ, ಕೂತ್ಕೋ. ಕನ್ನಡಕ ಆಮೇಲೆ, ಮೊದಲು ಪ್ರೋಗ್ರಾಮ್,” ಎಂದು ಡ್ರೈವರ್ ಮಾವ ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು. “ಇಲ್ಲಿ ಒಂದೇ ಕಾನೂನು. ಟೀವಿಯವನಿಗಿಂತ ಮೊದಲು ನಾವು ಜೋಕ್ ಹೊಡೀಬೇಕು. ಕೌಂಟರಿನ ಹಿಂದಿರೋ ಇವನೊಬ್ಬನಿಗೆ ಮಾತ್ರ ರಿಯಾಯಿತಿ. ಮುಖಕ್ಕೆ ಬೀಗ ಹಾಕ್ಕೊಂಡಿದಾನೆ!”

ಟೀಚರಮ್ಮ ಬಿಡುತ್ತಾರೆಯೇ? “ಆ ಧಾರಾವಾಹಿಯ ಸೊಸೆ ಕೊನೆಗೂ ಕೋಮಾದಿಂದ ಎದ್ದಳು!”

“ಎದ್ದಾಗ ಲಿಪ್‌ಸ್ಟಿಕ್ ಇತ್ತಾ?”

“ಕೋಮಾದಲ್ಲೂ ಇತ್ತು ಕಣ್ರೀ!”

ಕಾರ್ಯಕ್ರಮ ಶುರುವಾಯಿತು. ಜೋಕಿನ ಮೇಲೆ ಜೋಕು. ಆದರೆ ಆ ವೃದ್ಧರು ನಗುತ್ತಿರಲಿಲ್ಲ. ಪ್ರತಿ ಜೋಕು ಮುಗಿದಾಗಲೂ ಕಿವಿಗೆ ಅಂಗೈ ಹಿಡಿದು ಮುಂದಕ್ಕೆ ಬಾಗುತ್ತಿದ್ದರು. ಕಾಯುತ್ತಿದ್ದರು. ಮತ್ತೆ ಹಿಂದಕ್ಕೆ ಒರಗುತ್ತಿದ್ದರು.

ಎಲ್ಲ ಮುಗಿದ ಮೇಲೆ ಮೆಲ್ಲಗೆ ಅಂದರು: “ಇವತ್ತೂ ನಗಲಿಲ್ಲ ಕಣೋ ನಿಮ್ಮಮ್ಮ.”

ಡ್ರೈವರ್ ಮಾವ ಟೀವಿ ಆರಿಸಿದರು.

ಅವಳು ತಟಕ್ಕನೆ ಎದ್ದು ಹೊರಗೆ ನಡೆದಳು. ಅಯ್ಯೋ ದೇವರೇ... ನಾನೇನು ಮಾಡಿಬಿಟ್ಟೆ!

ಅವನು ಅವಳ ಹಿಂದೆಯೇ ಹೊರಗೆ ಬಂದ. ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದಳು.

“ಅಳಿಸಿಬಿಟ್ರಾ?” ಎಂದ ಅವನು. “ತೆಗೀರಿ ಅಂತ ನಿಮ್ಮನ್ನ ಯಾರು ಕೇಳಿದ್ರು?”

“ನೀವು ಅವತ್ತು ಅಷ್ಟು ನೊಂದುಕೊಂಡು...”

“ನಾನು ಬಂದಿದ್ದು ಥ್ಯಾಂಕ್ಸ್ ಹೇಳಕ್ಕೆ! ಅಪ್ಪನಿಗೆ ಕಣ್ಣು ಪೂರ್ತಿ ಹೋಗಿದೆ. ಊರಿಗೆಲ್ಲಾ ಕನ್ನಡಕ ಮಾಡಿಕೊಡೋ ಮಗ ಇದ್ದೂ ಏನೂ ಮಾಡಕ್ಕಾಗಲ್ಲ. ಅಮ್ಮನ ಫೋಟೋ ತೋರಿಸಿ ಏನು ಪ್ರಯೋಜನ, ಹೇಳಿ? ಭಾನುವಾರ ಆ ನಗು ಒಂದು ಸಲ ಕಿವಿಗೆ ಬಿದ್ರೆ ವಾರವೆಲ್ಲಾ ಸರಿಯಾಗಿ ಊಟ ಮಾಡೋರು. ಈಗ ತಟ್ಟೆ ಹಾಗೇ ವಾಪಸ್ ಬರ್ತಿದೆ.”

ಅವಳ ಕಣ್ಣು ತುಂಬಿತು. “ಎಲ್ಲಿದ್ರೂ ಹುಡುಕಿ ತರ್ತೀನಿ.”

“ಅಳಿಸಿದ್ದನ್ನ ಹೇಗೆ ತರ್ತೀರಿ?” ಎಂದು ಶಟರ್ ಎಳೆದುಕೊಂಡ.

* * *

ಸ್ಟುಡಿಯೋದ ಸ್ಟೋರ್ ರೂಮಿನಲ್ಲಿ ಹಳೆಯ ಚಿತ್ರೀಕರಣದ ಡಿಸ್ಕುಗಳು ರಾಶಿ ಬಿದ್ದಿದ್ದವು. ಅರ್ಧಕ್ಕೆ ಚೀಟಿಯೂ ಇಲ್ಲ. ಅವಳ ಮಧ್ಯಾಹ್ನದ ಊಟದ ಹೊತ್ತೆಲ್ಲಾ ಅಲ್ಲೇ ಹೋಯಿತು. ಕಂಡವರೆಲ್ಲರ ನಗು ಕೇಳಿದಳು. ಆ ಒಂದು ನಗು ಮಾತ್ರ ಸಿಗಲೊಲ್ಲದು.

ಭಾನುವಾರ ಬಂತೆಂದರೆ ಅಂಗಡಿಗೆ ಹೋಗಿ “ಇನ್ನೂ ಸಿಕ್ಕಿಲ್ಲ” ಎಂದು ಒಪ್ಪಿಸುವಳು. ಮೊದಲ ವಾರ ಅವನು ಮುಖ ಎತ್ತಲಿಲ್ಲ. ಮುಂದಿನ ವಾರ ಹೂಂ ಎಂದ. ಆಮೇಲೊಂದು ಸಂಜೆ ನೋಡುತ್ತಾಳೆ, ಟೀವಿಯ ಮುಂದೆ ಹೊಸದೊಂದು ಕುರ್ಚಿ!

“ಯಾರಿಗಪ್ಪಾ ಇದು?” ಎಂದು ಟೀಚರಮ್ಮ ಬೇಕಂತಲೇ ಕೇಳಿದರು. ಅವನ ಕಿವಿ ಕೆಂಪಾಯಿತು.

ಅವಳ ಕನ್ನಡಕ ಸದಾ ಮೂಗಿನಿಂದ ಜಾರುತ್ತಿತ್ತು. ಒಂದು ದಿನ ಅವನೇ ಕೈ ಚಾಚಿ ಇಸಿದುಕೊಂಡು, ಕಡ್ಡಿ ಬಗ್ಗಿಸಿ, ಒರೆಸಿ, ತಾನೇ ಅವಳ ಕಿವಿಗೆ ಸಿಕ್ಕಿಸಿದ. ಅವನ ಬೆರಳು ಕೆನ್ನೆಗೆ ತಾಕಿತೋ ಇಲ್ಲವೋ... ಅವಳಿಗೆ ಆವತ್ತು ಟೀವಿಯಲ್ಲಿ ಏನು ಬಂತೆಂದೇ ಗೊತ್ತಿಲ್ಲ.

“ನಿಮ್ಮ ಮೇಲೆ ಕೋಪ ಇಲ್ಲ,” ಎಂದ ಮೆಲ್ಲಗೆ. “ಅಪ್ಪನಿಗೆ ಇನ್ನೂ ನಿಜ ಹೇಳಿಲ್ಲ. ಹೇಳೋ ಧೈರ್ಯ ಬರ್ತಿಲ್ಲ.”

ಆ ಮಾತು ಅವಳನ್ನು ಮರುದಿನವೇ ಸ್ಟೋರ್ ರೂಮಿಗೆ ಓಡಿಸಿತು. ಮತ್ತೂ ಕೆಲವು ದಿನ ಕಳೆದ ಮೇಲೆ, ಚೀಟಿ ಕಿತ್ತುಹೋಗಿದ್ದ ಒಂದು ಡಿಸ್ಕಿನಲ್ಲಿ, ಮೂರನೇ ಸಾಲಿನ ಮೈಕಿನಲ್ಲಿ...

ಸಿಕ್ಕಿತು!

ಆದರೆ ಅದು ಒಂಟಿ ನಗುವಾಗಿರಲಿಲ್ಲ. ಪಕ್ಕದಲ್ಲೇ ಒಂದು ಗಂಡುದನಿ ಬಿದ್ದು ಬಿದ್ದು ನಗುತ್ತಿತ್ತು. ತಾಯಿ ಉಸಿರು ಎಳೆದುಕೊಂಡ ಹಾಗೆಯೇ ಎಳೆದುಕೊಂಡು, ತಾಯಿ ಅಂದ ಹಾಗೆಯೇ ಕೊನೆಗೆ ‘ಅಯ್ಯಯ್ಯೋ’ ಅನ್ನುತ್ತಿತ್ತು. ಆಗ ನೆನಪಾಯಿತು. ಅಂದು ಆ ಗಂಡುದನಿಯನ್ನು ಬೇಡವೆಂದು ಕತ್ತರಿಸಿ ಎಸೆದವಳು ತಾನೇ!

ಹೆಡ್‌ಫೋನ್ ಹಾಕಿಕೊಂಡೇ ಅವಳು ಬಿಕ್ಕಿ ಬಿಕ್ಕಿ ಅತ್ತಳು. ಈ ಸಲ ಕತ್ತರಿ ಆಡಿಸಲಿಲ್ಲ.

* * *

ಆ ಭಾನುವಾರ ಅವಳು ಸಿಕ್ಕಿತೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತಳು.

ಟೀವಿಯಲ್ಲಿ ನಿರೂಪಕ ಹೇಳುತ್ತಿದ್ದ: “ಅದೇ ಸೇತುವೆ, ಅದೇ ಮಂತ್ರಿಗಳು, ಮತ್ತೊಂದು ಉದ್ಘಾಟನೆ! ಹೊಸದು ಅಂದ್ರೆ ಕತ್ತರಿ ಮಾತ್ರ!”

ಆಗ ಬಂತು ಆ ನಗು. ಉಸಿರು ಎಳೆದುಕೊಂಡು, ತಡೆದು, ಉಕ್ಕಿ... ಅಯ್ಯಯ್ಯೋ!

“ಬಂದಳು!” ವೃದ್ಧರು ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರು. “ಬಂದಳು ಕಣೋ!” ಕಪ್ಪು ಕನ್ನಡಕದ ಕೆಳಗಿಂದ ನೀರು ಇಳಿಯಿತು. ಮರುಕ್ಷಣ ಕಿವಿಗೆ ಕೈ ಹಿಡಿದರು. “ಪಕ್ಕದಲ್ಲಿ... ಅದು ನೀನಲ್ವೇನೋ, ಮಗನೇ?”

ಟೀಚರಮ್ಮ ಸೆರಗು ಕಣ್ಣಿಗೊತ್ತಿಕೊಂಡರು. ಜಾಹೀರಾತು ಶುರುವಾಯಿತು.

ಅವನು ಶಟರ್ ಕೆಳಗೆ ನುಸುಳಿ ಹೊರಗೆ ಹೋದ. ಅವಳೂ ಹಿಂದೆಯೇ ಓಡಿದಳು.

“ಮತ್ತೆ ತಪ್ಪು ಮಾಡಿದ್ನಾ? ಕೇಳದೇ ನಿಮ್ಮ ದನಿ...”

“ಒಂದ್ಸಲ ಅಮ್ಮನ್ನ ಈ ಪ್ರೋಗ್ರಾಮಿಗೆ ಕರ್ಕೊಂಡು ಹೋಗಿದ್ದೆ. ನಾನು ಹಾಗೆ ನಗ್ತಿದ್ದೆ ಅನ್ನೋದೇ ಮರೆತುಹೋಗಿತ್ತು,” ಎಂದ ಅವನು ಗೋಡೆಯ ಕಡೆ ಮುಖ ಮಾಡಿ. “ಅಮ್ಮ ಹೋದಮೇಲೆ ನಕ್ಕರೆ ಅವಳಿಗೆ ದ್ರೋಹ ಮಾಡಿದ ಹಾಗೆ ಅನ್ನಿಸ್ತಿತ್ತು. ಅವಳು ಇಷ್ಟು ದಿನ ನನ್ನ ಪಕ್ಕದಲ್ಲೇ ಕೂತು ನಗ್ತಿದ್ಲು... ನನಗೆ ಗೊತ್ತೇ ಇರಲಿಲ್ಲ.”

ಅವಳು ಅವನ ತೋಳು ಮುಟ್ಟಿದಳು. ಅವನು ತಿರುಗಿದ.

“ಒಂದು ಮಾತು ಹೇಳ್ಲಾ? ಈಚೆಗೆ ಭಾನುವಾರ ನಾನು ಟೀವಿ ನೋಡಲ್ಲ. ಬಾಗಿಲು ನೋಡ್ತೀನಿ. ನಗು ಸಿಕ್ತು, ಇನ್ನು ನೀವು ಬರಲ್ಲ ಅಂತ ಈಗ ಭಯ ಆಗ್ತಿದೆ.”

“ನನಗೂ ಅದೇ ಭಯ ಇತ್ತು,” ಎಂದಳು ಅವಳು. “ಡಿಸ್ಕ್ ಸಿಕ್ಕಿದ ದಿನ ಖುಷಿಗೂ ಅತ್ತೆ, ಇದಕ್ಕೂ ಅತ್ತೆ. ಬೇರೆಯವರ ನಗು ಅಂಟಿಸೋದೇ ನನ್ನ ಬದುಕು ಅಂದ್ಕೊಂಡಿದ್ದೆ. ನನಗೂ ನಗು ಬರುತ್ತೆ ಅಂತ ಗೊತ್ತಾಗಿದ್ದು ಈ ಅಂಗಡೀಲಿ.”

“ಹಾಗಾದ್ರೆ... ನನ್ನ ಮದುವೆ ಆಗ್ತೀರಾ?”

ಅವಳು ಬಾಯಿ ತೆರೆಯುವಷ್ಟರಲ್ಲಿ ಶಟರ್ ಕೆಳಗಿಂದ ಡ್ರೈವರ್ ಮಾವನ ತಲೆ ಇಣುಕಿತು.

“ಬೇಗ ಹೂಂ ಅನ್ನಮ್ಮಾ! ಜಾಹೀರಾತು ಮುಗೀತಾ ಬಂತು!”

ಅವನು ಉಸಿರು ಎಳೆದುಕೊಂಡ. ತಡೆಯಲು ನೋಡಿದ. ಆಗಲಿಲ್ಲ... ಎರಡು ವರ್ಷದಿಂದ ಬೀಗ ಬಿದ್ದಿದ್ದ ನಗು ಬೀದಿಗೆಲ್ಲಾ ಕೇಳುವಂತೆ ಉಕ್ಕಿ ಬಂತು. ಕೊನೆಗೆ ಕಣ್ಣೊರೆಸಿಕೊಳ್ಳುತ್ತಾ ಅವನೂ ಅಂದ: “ಅಯ್ಯಯ್ಯೋ!”

ಒಳಗಿಂದ ಅಪ್ಪನ ದನಿ ಕೇಳಿಸಿತು. “ಏನೋ ಇದು? ಜಾಹೀರಾತಿನ ಮಧ್ಯೆ ಅವಳು ಯಾಕೋ ನಕ್ಕಳು?”

ಅವನ ನಗು ಅಲ್ಲೇ ನಿಂತಿತು. ಕಣ್ಣು ತುಂಬಿಕೊಂಡಿತು.

“ಅದು ಟೀವಿ ಅಲ್ಲಪ್ಪಾ... ನಾನು.”

ಒಳಗೆ ಕುರ್ಚಿ ಕಿರುಗುಟ್ಟಿತು. ಆಮೇಲೆ ಅಪ್ಪ ಅಂದರು: “ಹಾಗೇ ನಗ್ತಿರೋ, ಮಗಾ.”

ಅವನು ಅವಳ ಕೈ ಹಿಡಿದುಕೊಂಡ. “ನೀನಿನ್ನೂ ಹೂಂ ಅಂದಿಲ್ಲ.”

ಅತ್ತು ಮಸುಕಾದ ಕನ್ನಡಕ ಮತ್ತೆ ಮೂಗಿನಿಂದ ಜಾರುತ್ತಿತ್ತು. ಅದನ್ನು ಸರಿಮಾಡುವ ಕೆಲಸ ಅವನಿಗೇ ಬಿಟ್ಟು, ಅವಳು ನಕ್ಕಳು.

“ಅಯ್ಯಯ್ಯೋ... ಹೂಂ!”