ಏಟಿಗೆ ಮುಂಚಿನ ಅರವತ್ತೊಂದು

ಭಾನುವಾರ ಸಂಜೆ ಐದೂವರೆಗೆ ಗಂಟೆ ಬಾರಿಸುತ್ತಿದ್ದಂತೆ ದೊಡ್ಡ ತೆರೆಯ ಬಲಮೂಲೆಯಲ್ಲಿ ಎರಡು ಅಂಕಿಗಳು ಹೊತ್ತಿಕೊಂಡವು. ರಣಹದ್ದಿನ ಹೆಸರಿನ ಪಕ್ಕ ಮೂರು. ಕಾಳಿಂಗನ ಹೆಸರಿನ ಪಕ್ಕ ಅರವತ್ತೊಂದು.

ಮುಂದಿನ ಸಾಲಿನಲ್ಲಿ ಕುಳಿತಿದ್ದ ಲೀಲಾಜಮ್ಮಣ್ಣಿ ಕನ್ನಡಕ ಸರಿಮಾಡಿಕೊಂಡಳು. ಜಟ್ಟಿಗಳಿಬ್ಬರ ನಡುವೆ ಇನ್ನೂ ಹತ್ತು ಅಡಿ ಅಂತರವಿತ್ತು. ಯಾರ ಕೈಯೂ ಯಾರ ಮೈಗೂ ತಾಗಿರಲಿಲ್ಲ. ಕಾಳಿಂಗ ಮೂಲೆಯ ಕಂಬಕ್ಕೆ ಒರಗಿ, ಕೂಗುತ್ತಿದ್ದ ಜನರತ್ತ ಕೈಬೀಸಿ ನಗುತ್ತಿದ್ದ. ನಗುವವನಿಗೆ ಅರವತ್ತೊಂದು ನೋವು ಎಲ್ಲಿಂದ ಬರಬೇಕು?

‘ಇದರಲ್ಲೇನೋ ಮಸಲತ್ತಿದೆ’ ಎಂದುಕೊಂಡಳು.

ಮೈಸೂರಿನ ದಿನಪತ್ರಿಕೆಯೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ‘ಮಹಾಮಲ್ಲ’ ಕಾರ್ಯಕ್ರಮದ ಕುಸ್ತಿಗಳನ್ನು ವಿಮರ್ಶಿಸುತ್ತಿದ್ದವಳು ಆಕೆ. ಟಿ.ವಿ.ಯ ಕುಸ್ತಿಯಲ್ಲಿ ಗೆಲ್ಲುವವನು ಯಾರೆಂಬುದು ಮೊದಲೇ ತೀರ್ಮಾನವಾಗಿರುತ್ತದೆ ಎಂಬುದು ನೋಡುವವರಿಗೂ ಗೊತ್ತು, ಆಡುವವರಿಗೂ ಗೊತ್ತು. ಬಿದ್ದವನು ಚೆನ್ನಾಗಿ ಬಿದ್ದನೇ, ಬೀಳಿಸಿದವನು ನಂಬುವಂತೆ ಬೀಳಿಸಿದನೇ ಎಂಬುದನ್ನು ಆಕೆ ತೂಗಿ ಬರೆಯುತ್ತಿದ್ದಳು. ಆದರೆ ಎಂಟು ತಿಂಗಳ ಹಿಂದೆ ನೋವುಮಾಪಕ ಬಂದ ಮೇಲೆ ಆ ತೂಕದ ಕಲ್ಲೇ ಬದಲಾಗಿ ಹೋಗಿತ್ತು.

ನೋವುಮಾಪಕವೆಂದರೆ ಅಖಾಡದ ಸುತ್ತ ತೂಗುಬಿಟ್ಟ ಆರು ಸೂಕ್ಷ್ಮ ಕ್ಯಾಮೆರಾಗಳು ಮತ್ತು ಅವುಗಳ ಹಿಂದೆ ಕುಳಿತ ಒಂದು ಗಣಕ. ಮುಖ ಕಿವುಚುವುದನ್ನು, ನರಳುವುದನ್ನು ಯಾರಾದರೂ ಅಭಿನಯಿಸಬಹುದು. ಆದರೆ ನೋವಾದಾಗ ಚರ್ಮದಡಿಯ ಕಿರುನಾಳಗಳು ಬಿಗಿದುಕೊಳ್ಳುವ ರೀತಿ, ಕಣ್ಣಿನ ಪಾಪೆ ಹಿಗ್ಗುವ ರೀತಿ, ಒಂದು ಉಸಿರಿಗೂ ಮತ್ತೊಂದಕ್ಕೂ ನಡುವಿನ ತಡವರಿಕೆ, ಇವು ನಮ್ಮ ಅಂಕೆಗೆ ಸಿಗುವಂಥವಲ್ಲ. ಯಂತ್ರ ಇವನ್ನು ಸೆಕೆಂಡಿಗೆ ನಲವತ್ತು ಸಲ ಓದಿ, ಸೊನ್ನೆಯಿಂದ ನೂರರೊಳಗೆ ಒಂದು ನೋವಂಕ ಕೊಡುತ್ತಿತ್ತು. ರಾತ್ರಿಯಿಡೀ ಕಾಡುವ ಹಲ್ಲುನೋವು ಸುಮಾರು ನಲವತ್ತು.

ಇದು ಬಂದದ್ದೇ ತಡ, ಪ್ರೇಕ್ಷಕರು ಕುಸ್ತಿ ನೋಡುವುದು ಬಿಟ್ಟು ಅಂಕ ನೋಡತೊಡಗಿದರು. ನೆಲಕ್ಕೆ ಅಪ್ಪಳಿಸಿ ಹೊರಳಾಡುವವನ ಅಂಕ ಆರೋ ಏಳೋ ಇದ್ದರೆ ‘ಕಳ್ಳಾ! ಕಳ್ಳಾ!’ ಎಂದು ಕೂಗು ಏಳುತ್ತಿತ್ತು. ಲೀಲಾಜಮ್ಮಣ್ಣಿಯ ಅಂಕಣದ ಕೊನೆಯಲ್ಲಿ ಆ ವಾರದ ಸುಳ್ಳುಗಾರರ ಪಟ್ಟಿ ಇರಲೇಬೇಕೆಂದು ಓದುಗರು ಪಟ್ಟು ಹಿಡಿದರು. ಅನುಮಾನವೇ ಉಸಿರಾಗಿದ್ದ ಆಕೆಗೂ ಅದು ಹಿತವಾಗಿಯೇ ಇತ್ತು.

ಏಟು ಬಿದ್ದಾಗ ಮಾತ್ರ ತೋರಿಸುತ್ತಿದ್ದ ಅಂಕವನ್ನು ಈ ವಾರದಿಂದ ಗಂಟೆ ಬಾರಿಸಿದಾಗಲೇ ತೋರಿಸತೊಡಗಿದ್ದರು; ಈಗ ಲೆಕ್ಕ ತಿರುಗಾಮುರುಗಾ. ಎಲ್ಲರ ಅಂಕ ಕಡಿಮೆ ಬಂದು ಸಿಕ್ಕಿಬೀಳುತ್ತಿದ್ದರೆ, ಇವನ ಅಂಕ ಹೆಚ್ಚು ಬಂದು ಸಿಕ್ಕಿಬಿದ್ದಿತ್ತು. ಮನೆಗೆ ಬಂದು ಬರೆಯಲು ಕುಳಿತ ಆಕೆಗೆ ಅರ್ಥ ಸ್ಪಷ್ಟವಾಗಿಯೇ ಕಂಡಿತು: ಕಾಳಿಂಗ ಯಂತ್ರವನ್ನು ಮೋಸಗೊಳಿಸುತ್ತಿದ್ದಾನೆ. ಬೂಟಿನೊಳಗೆ ಮೊನಚು ಕಲ್ಲಿಟ್ಟುಕೊಂಡನೋ, ಮೈಗೆ ಖಾರ ಸವರಿಕೊಂಡನೋ, ಅಂತೂ ಏಟು ಬೀಳುವ ಮೊದಲೇ ನೋವನ್ನು ಮನೆಯಿಂದಲೇ ತಂದಿದ್ದಾನೆ. ಹಾಗೆಂದೇ ಬರೆದಳು.

ಮಂಗಳವಾರ ಕಾರ್ಯಕ್ರಮದ ನಿರ್ಮಾಪಕ ಕುಶಾಲಪ್ಪ ಫೋನ್ ಮಾಡಿದ. ಸಿಟ್ಟಿರಬಹುದೆಂದು ಎಣಿಸಿದ್ದವಳಿಗೆ ಕೇಳಿಸಿದ್ದು ಹಿಗ್ಗು.

“ಅಮ್ಮಣ್ಣಿಯವರೇ, ಎಂಥಾ ಬೆಂಕಿ ಹಚ್ಚಿದಿರಿ! ಅವನ ಬೂಟು ಬಿಚ್ಚಿಸಿ ನೋಡಿದೆವು. ಮೈ ತೊಳೆಸಿ ನೋಡಿದೆವು. ಏನೂ ಸಿಗಲಿಲ್ಲ. ಅದಕ್ಕೇ ಈ ಭಾನುವಾರ ಒಂದು ಸತ್ಯಪರೀಕ್ಷೆ ಇಟ್ಟಿದ್ದೇನೆ. ಕಾಳಿಂಗ ಬರಿಗಾಲಲ್ಲಿ ಬರಬೇಕು. ಎದುರಿಗೆ ಹೊಸ ಹುರಿಯಾಳು ಗದಾಧರ. ಮೊದಲೇ ಮಾತಾಡಿಕೊಂಡ ಪಟ್ಟು ಒಂದೂ ಇಲ್ಲ. ನಿಜವಾದ ಕುಸ್ತಿ!”

“ಗದಾಧರನಾ? ಹೋದ ತಿಂಗಳು ಒಬ್ಬನ ಭುಜ ಕಳಚಿದವನು?”

“ಅವನೇ. ಅವನ ಎದುರಾಳಿಗಳ ಅಂಕ ಎಂದೂ ಎಪ್ಪತ್ತಕ್ಕಿಂತ ಕೆಳಗೆ ಇಳಿದಿಲ್ಲ,” ಎಂದು ಕುಶಾಲಪ್ಪ ನಕ್ಕ.

ಆ ನಗು ಆಕೆಗೆ ರುಚಿಸಲಿಲ್ಲ. ಬೂಟಿನಲ್ಲಿ ಏನೂ ಸಿಗದಿದ್ದರೆ ಅರವತ್ತೊಂದು ಬಂದದ್ದು ಎಲ್ಲಿಂದ? ಈಗ ಯಂತ್ರದ ಮೇಲೇ ಗುಮಾನಿ ಹುಟ್ಟಿತು. ಮರುದಿನ ಬೆಳಿಗ್ಗೆ ಚಾಲಕನಿಲ್ಲದ ಬಸ್ಸು ಹತ್ತಿ ಹುಣಸೂರು ರಸ್ತೆಯಲ್ಲಿದ್ದ ಪ್ರಯೋಗಾಲಯಕ್ಕೆ ಹೋದಳು. ನೋವುಮಾಪಕವನ್ನು ಕಂಡುಹಿಡಿದ ಡಾ. ಕಾತ್ಯಾಯಿನಿ ಅಲ್ಲಿದ್ದಳು. ಮಾತು ಬಾರದ ಎಳೆಗೂಸುಗಳ ನೋವನ್ನು ತಿಳಿಯಲೆಂದು ಮಾಡಿದ ಯಂತ್ರ ಕುಸ್ತಿ ಅಖಾಡ ಸೇರಿದ್ದಕ್ಕೆ ಆಕೆಗೆ ಒಳಗೊಳಗೇ ನಾಚಿಕೆ.

“ನಿಮ್ಮ ಯಂತ್ರ ಸುಳ್ಳು ಹೇಳುತ್ತಾ ಡಾಕ್ಟ್ರೇ?” ಲೀಲಾಜಮ್ಮಣ್ಣಿ ಸುತ್ತುಬಳಸದೆ ಕೇಳಿದಳು.

“ತಪ್ಪು ಮಾಡಬಹುದು. ಸುಳ್ಳು ಹೇಳೋದಕ್ಕೆ ಅದಕ್ಕೆ ಬರಲ್ಲ. ಬನ್ನಿ, ಮತ್ತೆ ನೋಡೋಣ.”

ಇಬ್ಬರೂ ಭಾನುವಾರದ ಕುಸ್ತಿಯನ್ನು ನಿಧಾನಗತಿಯಲ್ಲಿ ಹಾಕಿಕೊಂಡು ಕುಳಿತರು. ಗಂಟೆ ಬಾರಿಸಿದಾಗ ಕಾಳಿಂಗನಿಗೆ ಅರವತ್ತೊಂದು. ನಡೆದಾಗ ಅರವತ್ತಾರು. ಬಗ್ಗಿದಾಗ ಎಪ್ಪತ್ತು. ಆಗ ರಣಹದ್ದು ತನ್ನ ಹೆಸರಾಂತ ಪಟ್ಟು ಹಾಕಿದ. ಹಿಂದಿನಿಂದ ಬಂದು, ಕಾಳಿಂಗನ ಕಂಕುಳಡಿಗೆ ಎರಡೂ ತೋಳು ತೂರಿಸಿ, ನೆಲದಿಂದ ಮೇಲೆತ್ತಿ ಅತ್ತಿಂದಿತ್ತ ಜೋಲಾಡಿಸಿದ. ಟಿ.ವಿ.ಯಲ್ಲಿ ಇದಕ್ಕೆ ‘ಹದ್ದಿನ ಹಿಡಿತ’ ಎಂದು ಹೆಸರು. ಕಾಳಿಂಗ ಬಾಯಿ ತೆರೆದು ಆರ್ತನಾದ ಮಾಡುತ್ತಿದ್ದ.

ಅಂಕ ಇಳಿಯತೊಡಗಿತು. ಐವತ್ತು. ಮೂವತ್ತೆಂಟು. ಇಪ್ಪತ್ತೆರಡು.

ಅಂದು ಅಂಕಣಕ್ಕೆ ಬೇಕಾದ ಮೊದಲ ಅಂಕಿ ಸಿಕ್ಕಿದ ಮೇಲೆ ಲೀಲಾಜಮ್ಮಣ್ಣಿ ತೆರೆಯ ಆ ಮೂಲೆಯತ್ತ ಮತ್ತೆ ತಿರುಗಿಯೂ ನೋಡಿರಲಿಲ್ಲ.

“ನೋಡಿ,” ಡಾ. ಕಾತ್ಯಾಯಿನಿ ಚಿತ್ರವನ್ನು ತಡೆದು ನಿಲ್ಲಿಸಿದಳು. “ಕಾಲು ನೆಲ ಬಿಟ್ಟಾಗ ದೇಹದ ಭಾರಕ್ಕೆ ಬೆನ್ನುಮೂಳೆ ಕೆಳಕ್ಕೆ ಎಳೆದುಕೊಳ್ಳುತ್ತೆ. ಮೂಳೆಗಳ ನಡುವೆ ಸಿಕ್ಕಿಕೊಂಡಿರೋ ನರ ಸಡಿಲವಾಗುತ್ತೆ. ಆಸ್ಪತ್ರೆಯಲ್ಲಿ ಭಾರ ಕಟ್ಟಿ ಎಳೀತಾರಲ್ಲ, ಅದೇ ಇದು. ರಣಹದ್ದು ಏಟು ಕೊಡ್ತಿಲ್ಲ, ಚಿಕಿತ್ಸೆ ಕೊಡ್ತಿದ್ದಾನೆ.”

“ಹಾಗಾದರೆ ಭಾನುವಾರ ಗದಾಧರ ಎತ್ತಿ ಅಪ್ಪಳಿಸಿದರೆ?”

“ನಡುವಿನ ಕೆಳಗೆ ಸ್ವಾಧೀನ ಹೋಗಬಹುದು.”

ಅಲ್ಲಿಂದ ಆಕೆ ನೇರವಾಗಿ ಹೋದದ್ದು ನಜರ್‌ಬಾದಿನ ಗರಡಿಗೆ. ದಾರಿಯುದ್ದಕ್ಕೂ ಮನಸ್ಸು ಇನ್ನೂ ತರ್ಕ ಮಾಡುತ್ತಲೇ ಇತ್ತು. ಇದೂ ಒಂದು ಆಟವಾಗಿದ್ದರೆ? ಆ ಡಾಕ್ಟರು ತನ್ನ ಯಂತ್ರದ ಮಾನ ಉಳಿಸಿಕೊಳ್ಳಲು ಕಥೆ ಕಟ್ಟಿದ್ದರೆ?

ಗರಡಿಯ ಕೆಮ್ಮಣ್ಣಿನ ಪಕ್ಕದ ಚಾಪೆಯ ಮೇಲೆ ಕಾಳಿಂಗ ಬೋರಲು ಮಲಗಿದ್ದ. ಮನೆಯಲ್ಲಿ ಅವನ ಹೆಸರು ಮರಿಸ್ವಾಮಿ. ರಣಹದ್ದು, ಅಂದರೆ ಅಬ್ದುಲ್ ವಾಜಿದ್, ಅವನ ಸೊಂಟಕ್ಕೆ ಎಣ್ಣೆ ಹಚ್ಚಿ ತಿಕ್ಕುತ್ತಿದ್ದ. ಹನ್ನೊಂದು ವರ್ಷಗಳಿಂದ ಟಿ.ವಿ.ಯಲ್ಲಿ ಒಬ್ಬರ ರಕ್ತ ಒಬ್ಬರು ಕುಡಿಯುತ್ತೇವೆಂದು ಗರ್ಜಿಸುತ್ತಿದ್ದವರು. ಬಂದವಳನ್ನು ಕಂಡು ವಾಜಿದನ ಕೈ ನಿಂತಿತು.

“ಬೂಟು ನೋಡಾಯ್ತು. ಇನ್ನೇನು ನೋಡಬೇಕಂತೆ?” ಮರಿಸ್ವಾಮಿ ಮುಖ ಎತ್ತದೆ ಕೇಳಿದ.

“ಬೆನ್ನು,” ಎಂದಳು ಲೀಲಾಜಮ್ಮಣ್ಣಿ. “ಎಷ್ಟು ದಿನದಿಂದ ಹೀಗಿದೆ?”

“ಏನೂ ಇಲ್ಲ.”

“ಸಾಕು ಬಿಡು ಮರೀ,” ವಾಜಿದ್ ಮೆಲ್ಲಗೆ ಹೇಳಿದ. “ಎರಡು ವರ್ಷ ಆಯ್ತಕ್ಕಾ. ಅಖಾಡದ ಹಗ್ಗದ ಮೇಲಿಂದ ಬಿದ್ದ. ಕಂಪನಿ ಡಾಕ್ಟ್ರ ಹತ್ರ ಹೋದ್ರೆ, ನಾಟಕ ಆಡೋನಿಗೆ ಎಂಥಾ ನೋವು, ರಜಾ ಬೇಕು ಅಂದ್ರೆ ನೇರವಾಗಿ ಕೇಳು ಅಂದ್ರು. ಆವತ್ತಿಂದ ಬಾಯಿ ಮುಚ್ಕೊಂಡ. ಕುಸ್ತಿ ನಡುವೆ ನಾನು ಎತ್ತಿ ಹಿಡಿದಾಗ ಮಾತ್ರ ಪೂರ್ತಿ ಉಸಿರು ಬಿಡ್ತಾನೆ. ನನಗೆ ಕೇಳಿಸುತ್ತೆ. ಅದಕ್ಕೇ ಆ ಪಟ್ಟನ್ನ ಉದ್ದ ಮಾಡ್ತಾ ಬಂದೆ. ನೀವು ಯಾವಾಗಲೋ ಒಂದು ಸಲ ಬರೆದಿದ್ರಿ, ರಣಹದ್ದಿನ ಹಿಡಿತ ಬೇಜಾರು ಬರೋವಷ್ಟು ಉದ್ದ ಅಂತ.”

ಆಕೆ ಬರೆದಿದ್ದಳು, ಒಂದಲ್ಲ, ಮೂರು ಸಲ.

“ಭಾನುವಾರ ಇಳೀಬೇಡಿ ಮರಿಸ್ವಾಮಿಯವರೇ.”

“ಇಳೀದಿದ್ರೆ ಕಳ್ಳ ಅಂತ ಊರೆಲ್ಲಾ ಹೇಳುತ್ತೆ. ಹೇಳಿಸಿದ್ದು ನೀವೇ ಅಲ್ವಾ?”

“ಹೌದು, ನಾನೇ. ಅದಕ್ಕೇ ನಿಜ ಏನು ಅಂತ ಬರೀತೀನಿ.”

ಮರಿಸ್ವಾಮಿ ಎರಡೂ ಕೈ ಊರಿ ಎದ್ದು ಕೂರಲು ಹೋದ. ಅರ್ಧದಲ್ಲೇ ಹಲ್ಲು ಕಚ್ಚಿ ನಿಂತ. ವಾಜಿದ್ ಬೆನ್ನಿಗೆ ಕೈಕೊಟ್ಟ.

“ಬೇಡ,” ಎಂದ ಮರಿಸ್ವಾಮಿ. ಅವನ ದನಿಯಲ್ಲಿ ಮೊದಲಿನ ಬಿರುಸಿರಲಿಲ್ಲ. “ಕೈ ಮುಗೀತೀನಿ. ಬೆನ್ನು ಮುರಿದೋನು ಅಂತ ಗೊತ್ತಾದ್ರೆ ಅಖಾಡದ ಮೆಟ್ಟಿಲು ಕೂಡ ಹತ್ತಿಸಲ್ಲ. ಹದಿನಾರನೇ ವಯಸ್ಸಿಂದ ನನಗೆ ಗೊತ್ತಿರೋದು ಇದೊಂದೇ.”

ಎರಡು ದಿನ ಆಕೆಗೆ ಬರೆಯಲೂ ಆಗಲಿಲ್ಲ, ಬರೆಯದಿರಲೂ ಆಗಲಿಲ್ಲ. ಬರೆದರೆ ಅವನ ಬದುಕು ಕಸಿದಂತೆ. ಸುಮ್ಮನಿದ್ದರೆ ಅವನ ಕಾಲು ಕಸಿದಂತೆ. ಕುಶಾಲಪ್ಪನಿಗೆ ಫೋನ್ ಮಾಡಿ ಕುಸ್ತಿ ನಿಲ್ಲಿಸಿ ಎಂದರೆ, ಅವನು “ಈಗ ಅವನ ಪರ ಸೇರಿಕೊಂಡಿರಾ? ಎಷ್ಟಕ್ಕೆ?” ಎಂದು ನಗೆಯಾಡಿದ. ತಾನು ಇಷ್ಟು ವರ್ಷ ಬೇರೆಯವರ ಮೇಲೆ ಹಾಯಿಸುತ್ತಿದ್ದ ಕಣ್ಣು ತನ್ನ ಮೇಲೆ ಬಿದ್ದಾಗ ಹೇಗಿರುತ್ತದೆ ಎಂಬುದು ಆಕೆಗೆ ಆಗ ಗೊತ್ತಾಯಿತು.

ಶನಿವಾರದ ಪತ್ರಿಕೆಯಲ್ಲಿ ವಿಮರ್ಶೆ ಬಂತು. ಎರಡು ಚಿತ್ರಗಳು ಪಕ್ಕಪಕ್ಕದಲ್ಲಿದ್ದವು. ನಗುತ್ತಾ ಕೈಬೀಸುತ್ತಿರುವ ಕಾಳಿಂಗ: ಅರವತ್ತೊಂದು. ರಣಹದ್ದಿನ ತೋಳಲ್ಲಿ ಆರ್ತನಾದ ಮಾಡುತ್ತಿರುವ ಕಾಳಿಂಗ: ಇಪ್ಪತ್ತೆರಡು. ಕೆಳಗೆ ಬೆನ್ನಿನ ಕಥೆಯನ್ನೂ ಭಾನುವಾರದ ಅಪಾಯವನ್ನೂ ವಿವರಿಸಿ ಆಕೆ ಬರೆದಿದ್ದಳು: ‘ಈತ ಸುಳ್ಳು ಹೇಳಿದ್ದು ನಿಜ. ಎರಡು ವರ್ಷ, ನೋವಿಲ್ಲವೆಂದು. ಆ ಸುಳ್ಳನ್ನು ನಾನು ಮೋಸವೆಂದು ಓದಿದೆ. ತಪ್ಪು ನನ್ನದು.’

ಜನ ಕಾರ್ಯಕ್ರಮದ ಕಚೇರಿಗೆ ಮುತ್ತಿಗೆ ಹಾಕಿದರು. ಕುಸ್ತಿ ರದ್ದಾಯಿತು. ಹತ್ತು ದಿನಗಳಲ್ಲಿ ಮರಿಸ್ವಾಮಿಯ ಬೆನ್ನಿಗೆ ಶಸ್ತ್ರಚಿಕಿತ್ಸೆ ನಡೆಯಿತು. ಕಾಲು ಉಳಿಯಿತು, ಅಖಾಡ ಉಳಿಯಲಿಲ್ಲ. ನೋಡಲು ಹೋದ ಲೀಲಾಜಮ್ಮಣ್ಣಿಗೆ ಬೆನ್ನು ತಿರುಗಿಸಲಾಗದ ಅವನು ಕಣ್ಣು ಮುಚ್ಚಿಕೊಂಡ. ವಾಜಿದ್ ಆಸ್ಪತ್ರೆಯ ಬಾಗಿಲವರೆಗೂ ಜೊತೆಗೆ ಬಂದು, “ಅವನಿಗೆ ಸ್ವಲ್ಪ ದಿನ ಬೇಕಾಗುತ್ತೆ ಅಕ್ಕಾ,” ಎಂದಷ್ಟೇ ಹೇಳಿದ.

ಅಷ್ಟರಲ್ಲಿ ಪ್ರೇಕ್ಷಕರಿಗೆ ಅಂಕ ಏರಿದರೆ ಚಪ್ಪಾಳೆ ತಟ್ಟಲು ಮನಸ್ಸೇ ಬಾರದಾಯಿತು. ಕುಶಾಲಪ್ಪ ಆರೂ ಕ್ಯಾಮೆರಾ ಕೀಳಿಸಿ ಪ್ರಯೋಗಾಲಯಕ್ಕೆ ವಾಪಸ್ಸು ಕಳಿಸಿಬಿಟ್ಟ. ನೋವುಮಾಪಕದ ಕಥೆ ಅಲ್ಲಿಗೆ ಮುಗಿಯಿತೆಂದೇ ಎಲ್ಲರೂ ತಿಳಿದರು.

ಆದರೆ ಮುಂದಿನ ಸೋಮವಾರ ಡಾ. ಕಾತ್ಯಾಯಿನಿ ಗಾಬರಿಯಿಂದ ಫೋನ್ ಮಾಡಿದಳು. “ನೀವು ಬೇಗ ಬನ್ನಿ. ಗೇಟಿನಾಚೆ ಜನ ಸಾಲು ನಿಂತಿದ್ದಾರೆ. ನಿಮ್ಮ ಪತ್ರಿಕೆ ಕೈಯಲ್ಲಿ ಹಿಡ್ಕೊಂಡಿದ್ದಾರೆ.”

ಕುಶಾಲಪ್ಪನೇ ಜನ ಕರೆಸಿ ಗಲಾಟೆ ಎಬ್ಬಿಸುತ್ತಿದ್ದಾನೆ ಎಂದೇ ಆಕೆಗೆ ಮೊದಲು ಹೊಳೆದದ್ದು. ಹೋಗಿ ಸಾಲಿನುದ್ದಕ್ಕೂ ಒಬ್ಬೊಬ್ಬರ ಮುಖವನ್ನೇ ದಿಟ್ಟಿಸುತ್ತಾ ನಡೆದಳು. ಮಾರುಕಟ್ಟೆಯಲ್ಲಿ ಮೂಟೆ ಹೊರುವವರಿದ್ದರು. ದಿನವಿಡೀ ನಿಂತು ಕಾಲು ಬಾತ ಅಂಗಡಿ ಹೆಂಗಸರಿದ್ದರು. ತಿಂಗಳ ನೋವಿಗೆ ಹೊಟ್ಟೆ ಹಿಡಿದುಕೊಂಡು ಕೂತ ಕಾಲೇಜು ಹುಡುಗಿಯೊಬ್ಬಳಿದ್ದಳು. ಒಬ್ಬರೂ ಬಾಡಿಗೆಗೆ ಬಂದವರಂತೆ ಕಾಣಲಿಲ್ಲ.

ಒಳಗೆ ಕ್ಯಾಮೆರಾದೆದುರು ಮೊದಲು ಕುಳಿತವಳು ಅಗರಬತ್ತಿ ಹೊಸೆಯುವ ಚಿಕ್ಕತಾಯಮ್ಮ. ಗಂಡ ಗೋಡೆಗೆ ಒರಗಿ ನಿಂತಿದ್ದ.

“ಒಂಬತ್ತು ವರ್ಷ ಆಯ್ತು ತಾಯಿ, ಮಣಿಕಟ್ಟು ಉರೀತದೆ,” ಎಂದಳು ಅವಳು. “ಮನೇಲಿ ಕೆಲಸಗಳ್ಳಿ ಅಂತಾರೆ. ಆಸ್ಪತ್ರೇಲಿ ಏನೂ ಕಾಣಲ್ಲ ಅಂತಾರೆ. ಪೇಪರಲ್ಲಿ ಆ ನಗ್ತಾ ನಿಂತಿರೋ ಪೈಲ್ವಾನನ್ನ ನೋಡ್ದೆ. ಅವನಿಗೆ ಕಂಡ್ರೆ ನನಗೂ ಕಂಡೀತು ಅಂತ ಬಂದೆ.”

ತೆರೆಯ ಮೇಲೆ ಐವತ್ತೆಂಟು ಮೂಡಿತು.

“ಇದು ಜಾಸ್ತೀನಾ?”

“ಹಲ್ಲುನೋವು ನಲವತ್ತು,” ಎಂದಳು ಡಾ. ಕಾತ್ಯಾಯಿನಿ.

ಚಿಕ್ಕತಾಯಮ್ಮ ಗಂಡನತ್ತ ತಿರುಗಿದಳು. ಬೈಯಲಿಲ್ಲ, ಅಳಲಿಲ್ಲ. “ಕೇಳಿಸ್ತಾ?” ಎಂದಳು. ಅವನು ಮುಂದೆ ಬಂದು, ಅವಳ ತೊಡೆಯ ಮೇಲಿದ್ದ ಚೀಲವನ್ನು ತೆಗೆದುಕೊಂಡು ತನ್ನ ಹೆಗಲಿಗೆ ಹಾಕಿಕೊಂಡ. ಇಬ್ಬರೂ ಹೊರಗೆ ಹೋದರು.

ಮುಂದಿನವನು ಗೋಡೆ ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಡುತ್ತಾ ಬಂದ. ಕಟ್ಟಡದ ಮೇಲಿಂದ ಬಿದ್ದ ಗಾರೆ ಕೆಲಸದವನು. ಲೀಲಾಜಮ್ಮಣ್ಣಿ ಎದ್ದು ಕುರ್ಚಿ ಸರಿಸಿಕೊಟ್ಟಳು. ಕೂರುವ ಮೊದಲೇ ಅವನು ಆತುರದಿಂದ ಶುರುಮಾಡಿದ:

“ದೇವರಾಣೆಗೂ ನಾನು ಸುಳ್ಳು ಹೇಳ್ತಿಲ್ಲ ಅಮ್ಮಾ...”

“ಗೊತ್ತಪ್ಪ. ಕೂತ್ಕೋ,” ಎಂದಳು ಆಕೆ.

ಕ್ಯಾಮೆರಾ ಇನ್ನೂ ಅವನ ಕಡೆಗೆ ತಿರುಗಿರಲಿಲ್ಲ.