ತಂಗುಮನೆಯ ಸೌದೆ

ತಂಗುಮನೆಯ ಉಗ್ರಾಣದ ಬಾಗಿಲು ತೆಗೆದ ಮಾರೆತ್ ಒಳಗೆ ಕಾಲಿಡದೆ ಹೊಸಿಲಲ್ಲೇ ನಿಂತುಬಿಟ್ಟಳು. ಮೂರು ಗಂಟೆ ಬಯಲು ನಡೆದು ಸುಸ್ತಾಗಿದ್ದ ನಾನು ಅವಳ ಹೆಗಲ ಮೇಲಿಂದ ಇಣುಕಿದೆ. ಒಳಗೆ ನಾಲ್ಕು ಗೋಡೆ, ಒಂದು ಕಿಟಕಿ, ಮೊಳೆಗೆ ತೂಗುಹಾಕಿದ್ದ ಒಂದು ಔಷಧಿ ಚೀಲ. ಬೇರೇನೂ ಇರಲಿಲ್ಲ.

“ಪೆಟ್ಟಿಗೆ ಇಲ್ಲೇ ಇತ್ತು,” ಎಂದಳು. “ರೇಡಿಯೋ, ಹನ್ನೆರಡು ಮಲಗೋ ಚೀಲ, ಎಲ್ಲಾ ಮೂರು ದಿನ ಬೆನ್ನ ಮೇಲೆ ಹೊತ್ತು ತಂದಿದ್ದೆ. ಶನಿವಾರ ಕೊನೇ ಸಲ ಬಂದಾಗ ಈ ಔಷಧಿ ಚೀಲಾನ ಪೆಟ್ಟಿಗೆ ಒಳಗೇ ಇಟ್ಟು ಮುಚ್ಚಿದ್ದೆ.”

“ಕಾಣ್ತಿರೋದು ಒಂದು ಚೀಲ,” ಎಂದ ಯೆಪ್ಪೆ, ತನ್ನ ಪುಸ್ತಕದಲ್ಲಿ ಏನೋ ಗುರುತು ಹಾಕಿಕೊಳ್ಳುತ್ತ. “ತಂದಿದ್ದೂ ಅಷ್ಟೇ ಅನ್ಸುತ್ತೆ.”

ಯೆಪ್ಪೆ ಪ್ರವಾಸಿ ಹಡಗಿನ ಕಂಪನಿಯವನು, ಕೋಪನ್‌ಹೇಗನ್‌ನಿಂದ ಬಂದಿದ್ದ. ಮುಂದಿನ ಜೂನ್‌ನಲ್ಲಿ ಹಡಗು ನಮ್ಮ ಕ್ವಾಲ್ನೆಸ್ ಬಂದರಿಗೆ ಬರುವುದು, ಹನ್ನೆರಡು ಅತಿಥಿಗಳು ಇಲ್ಲಿಳಿದು ಮಾರೆತ್ ಹಿಂದೆ ನಾಲ್ಕು ದಿನ ಬಯಲು ದಾಟುವುದು, ಹಡಗು ಭೂಶಿರ ಸುತ್ತಿಕೊಂಡು ಹೋಗಿ ಆಚೆ ಬದಿಯ ಬಂದರಿನಲ್ಲಿ ಅವರನ್ನು ಹತ್ತಿಸಿಕೊಳ್ಳುವುದು, ಇದು ಯೋಜನೆ. ನಮ್ಮೂರಿನ ಮಾರ್ಗದರ್ಶಿ ಮಾರೆತ್ ಅದನ್ನು ಎರಡು ವರ್ಷ ನಿದ್ದೆಗೆಟ್ಟು ಸಿದ್ಧಪಡಿಸಿದ್ದಳು. ಯೆಪ್ಪೆಯದು ಒಂದೇ ಷರತ್ತು: ದಾರಿಯಲ್ಲಿ ರಾತ್ರಿ ಉಳಿಯುವ ತಂಗುಮನೆಗಳಲ್ಲಿ ಆಪತ್ತಿನ ಪೆಟ್ಟಿಗೆ ಮೊದಲೇ ಇರಬೇಕು. ಅರವತ್ತು ದಾಟಿದವರೂ ನಡೆಯಬಲ್ಲರೇ ಎಂದು ನೋಡಲು ಆ ಗುರುವಾರ ನನ್ನನ್ನೂ ರಾಗ್ನಾಳನ್ನೂ ಎಳೆತಂದಿದ್ದರು. ಹಡಗಿನ ಅಡುಗೆಮನೆಯಲ್ಲಿ ಆಯುಷ್ಯ ಕಳೆದು ಈಗ ಬಂದರಿನಲ್ಲಿ ಕಾಫಿ ಅಂಗಡಿ ಇಟ್ಟವನು ನಾನು. ನನ್ನ ಮೊಣಕಾಲಿಗೆ ಬಯಲು ಎಂದರೆ ಆಗದು.

ರಾಗ್ನಾ ನನ್ನ ಅಂಗಡಿಯ ಮಹಡಿಯಲ್ಲಿ ಬಾಡಿಗೆಗಿದ್ದಾಳೆ. ಇಪ್ಪತ್ತೆಂಟು ವರ್ಷ ಈ ಜಿಲ್ಲೆಯ ಪೊಲೀಸ್ ಅಧಿಕಾರಿಯಾಗಿದ್ದವಳು. ನಿವೃತ್ತಿಯಾದ ಮೇಲೂ ಊರಿನವರು ಮೊದಲು ತಟ್ಟುವುದು ಅವಳ ಬಾಗಿಲನ್ನೇ, ನಿದ್ದೆ ಕೆಡುವುದು ಮಾತ್ರ ನನ್ನದು.

“ನಾಳೆ ನಾಲ್ಕು ಗಂಟೆಗೆ ಹಡಗು ಹೊರಡುತ್ತೆ,” ಎಂದ ಯೆಪ್ಪೆ. “ಅತಿಥಿಗಳನ್ನ ನಡೆಸೋ ಬದ್ಲು ಬಸ್ಸಲ್ಲಿ ಸುತ್ತಿಸೋ ಟ್ರುಲ್ಸ್ ಅವರ ಯೋಜನೆಗೆ ಅಷ್ಟರೊಳಗೆ ಸಹಿ ಹಾಕ್ತೀನಿ. ಮಾರ್ಗದರ್ಶಿಗಳ ಸಂಘಕ್ಕೂ ಬರೀಬೇಕಾಗುತ್ತೆ. ಜನರ ಜೀವದ ವಿಷಯದಲ್ಲಿ ಸುಳ್ಳು ಹೇಳೋರ ಹತ್ರ ಪರವಾನಗಿ ಇರಬಾರ್ದು.”

ನನಗೆ ಕೋಪ ಬಂತು. ಪರವಾನಗಿ ಹೋದರೆ ಈ ಸೀಮೆಯಲ್ಲಿ ಮಾರೆತ್‌ಳನ್ನು ನಂಬಿ ಯಾರೂ ಹತ್ತು ಹೆಜ್ಜೆ ಇಡುವುದಿಲ್ಲ.

ಕೋಪಕ್ಕೆ ನನಗೆ ಗೊತ್ತಿರುವ ಮದ್ದು ಕಾಫಿ. ಸೌದೆ ಗೂಡು ಬಾಯಿಮಟ್ಟ ತುಂಬಿತ್ತು, ಮೇಲೆ ತೆಳ್ಳಗೆ ಸೀಳಿದ ಭೂರ್ಜ ಮರದ ಚಕ್ಕೆಗಳನ್ನು ಜೋಡಿಸಿಟ್ಟಿದ್ದರು. ಒಲೆಯ ಮೇಲಿನ ಬೆಂಕಿಪೊಟ್ಟಣದಿಂದ ಮೂರು ಕಡ್ಡಿಗಳು ಅರ್ಧ ಹೊರಗೆ ಚಾಚಿಕೊಂಡಿದ್ದವು. ಒಂದನ್ನು ಗೀರಿ ಒಲೆ ಹಚ್ಚಿದೆ. ರಾಗ್ನಾ ಅಷ್ಟು ಹೊತ್ತೂ ತಂಗುಮನೆಯ ಪುಸ್ತಕ ತಿರುವುತ್ತಿದ್ದಳು. ಬಂದವರೆಲ್ಲ ಹೆಸರು, ಬಂದ ದಿನ, ಮುಂದೆ ಹೋಗುವ ದಿಕ್ಕು ಬರೆದಿಡುವ ಪುಸ್ತಕ ಅದು. ಮಂಜಿನಲ್ಲಿ ಯಾರಾದರೂ ಕಳೆದುಹೋದರೆ ಹುಡುಕಲು ಹೊರಡುವವರು ಮೊದಲು ನೋಡುವುದು ಅದನ್ನೇ. ಕೊನೆಯ ಬರಹ ಮಾರೆತ್‌ಳದು, ಶನಿವಾರದ್ದು. ಅದರ ಕೆಳಗೆ ಖಾಲಿ.

“ನಿಮ್ಮ ಹೆಬ್ಬೆರಳಿಗೆ ಏನಾಯ್ತು?” ಎಂದು ಅವಳು ಯೆಪ್ಪೆಯನ್ನು ಕೇಳಿದಳು. ಅವನ ಎಡ ಹೆಬ್ಬೆರಳಿಗೆ ದಪ್ಪ ಪಟ್ಟಿ ಸುತ್ತಿತ್ತು.

ಅವನು ನಾಚಿಕೊಂಡ. “ಮಂಗಳವಾರ ಫೋಟೋ ತೆಗೆಯೋಕೆ ಒಬ್ನೇ ಇಲ್ಲಿಗೆ ಬಂದಿದ್ದೆ. ಚಳಿ ಅಂತ ಇದ್ದ ಸೌದೇನೆಲ್ಲಾ ಉರಿಸ್ದೆ. ಇನ್ನಷ್ಟು ಕಡಿಯೋಣ ಅಂತ ಕೊಡಲಿ ಎತ್ತಿದೆ. ಎರಡನೇ ಏಟು ಬೆರಳಿಗೆ ಬಿತ್ತು.”

“ಉಗ್ರಾಣದಲ್ಲಿ ಇಣುಕಿ ನೋಡಿದ್ರಾ?”

“ರಕ್ತ ಸುರೀತಿತ್ತು ರೀ. ಓಡಿಬಂದೆ. ಉಗ್ರಾಣ ಇದೆ ಅಂತ ಗೊತ್ತಾಗಿದ್ದೇ ಇವತ್ತು.”

“ಪುಸ್ತಕದಲ್ಲಿ ಹೆಸರು ಬರೀಲಿಲ್ಲ.”

“ಬರೀಬೇಕಾ? ಯಾರೂ ಹೇಳ್ಲೇ ಇಲ್ವಲ್ಲ.”

ರಾಗ್ನಾ ಪುಸ್ತಕ ಮುಚ್ಚಿದಳು. ಕಾಫಿ ಮುಗಿಸಿ ಊರಿನ ದಾರಿ ಹಿಡಿದೆವು. ದಾರಿ ತೋರಿಸಲು ಬಯಲಿನಲ್ಲಿ ಅಲ್ಲಲ್ಲಿ ಪೇರಿಸಿದ ಕಲ್ಲುಗುಪ್ಪೆಗಳಿವೆ. ಅವನ್ನೆಲ್ಲ ನಲವತ್ತು ವರ್ಷಗಳ ಹಿಂದೆ ಒಬ್ಬನೇ ಪೇರಿಸಿದವನು ನಮ್ಮೂರಿನ ಹಳೇ ಮಾರ್ಗದರ್ಶಿ ಹಿಲ್ಮಾರ್. ಮಾರೆತ್‌ಗೆ ಬಯಲು ಕಲಿಸಿದವನೂ ಅವನೇ. ಪ್ರತಿ ಗುಪ್ಪೆಯ ಬಳಿಯೂ ಅವಳು ಒಂದು ಕ್ಷಣ ನಿಂತು ಮುಂದೆ ಹೋಗುತ್ತಿದ್ದಳು.

ಊರಿಗೆ ಸುದ್ದಿ ನಮಗಿಂತ ಮೊದಲೇ ತಲುಪಿದಂತಿತ್ತು. ಶುಕ್ರವಾರ ಬೆಳಿಗ್ಗೆ ನನ್ನ ಅಂಗಡಿಗೆ ಬಂದ ಬಸ್ಸಿನ ಟ್ರುಲ್ಸ್ ಎರಡು ವಾಫಲ್ ತರಿಸಿಕೊಂಡು, ಎರಡರ ಮೇಲೂ ಕಂದು ಚೀಸ್ ಹೇರಿಕೊಂಡು ಕೂತ. “ಪಾಪದ ಹುಡುಗಿ,” ಎಂದ. ಪಾಪ ಎನ್ನುವ ಬಾಯಿ ಕಿವಿಯವರೆಗೆ ಅಗಲವಾಗಿತ್ತು. ಪೆಟ್ಟಿಗೆ ಕದ್ದದ್ದು ಇವನೇ ಎಂದು ನಾನು ಆಗಲೇ ತೀರ್ಮಾನಿಸಿಬಿಟ್ಟೆ, ಕಾಫಿಯನ್ನೂ ತಣ್ಣಗೆ ಕೊಟ್ಟೆ.

ಹಿಲ್ಮಾರ್ ಮಾತ್ರ ಎಂದಿನಂತೆ ಏಳಕ್ಕೇ ಬಂದು ಒಲೆ ಹಚ್ಚಿದ್ದ. ನನ್ನ ಅಂಗಡಿಯ ಒಲೆ ಹಚ್ಚುವುದು ಅವನ ಹಕ್ಕು. ನನಗೆ ಬರುವುದಿಲ್ಲವಂತೆ. ಹಚ್ಚಿದ ಮೇಲೆ ಪೊಟ್ಟಣವನ್ನು ಕಡ್ಡಿಗಳು ಹೊರಗೆ ಚಾಚಿಕೊಂಡಿರುವ ಹಾಗೇ ಇಟ್ಟು ಹೋಗುತ್ತಾನೆ, ನಾನು ಗೊಣಗುತ್ತ ಒಳಗೆ ತಳ್ಳುತ್ತೇನೆ. ಎಪ್ಪತ್ತೊಂದರ ಮುದುಕನನ್ನು ತಿದ್ದುವುದು ನನ್ನ ಕೈಲಾಗದು.

ಅಂದೂ ತಳ್ಳುತ್ತಿದ್ದಾಗ ರಾಗ್ನಾ ನನ್ನ ಕೈ ಹಿಡಿದಳು. “ಇದನ್ನ ದಿನಾ ಮಾಡ್ತೀಯಾ?”

“ದಿನಾ. ಬುಧವಾರ ಒಂದು ದಿನ ತಪ್ಪಿತ್ತು, ಆಸಾಮಿ ಬರ್ಲಿಲ್ಲ. ಒಲೆ ನಾನೇ ಹಚ್ಚಿದೆ.”

“ಚೆನ್ನಾಗಿ ಉರೀತಾ?”

“ಹೊಗೆ ಬಂತು,” ಎಂದು ಒಪ್ಪಿಕೊಂಡೆ.

ಅವಳು ನಗಲಿಲ್ಲ. ಅವಳ ಮುಖ ಅಷ್ಟು ಬೇಸರದಿಂದ ಕುಗ್ಗಿದ್ದನ್ನು ನಾನು ನೋಡಿರಲಿಲ್ಲ. “ಎರಡು ಗಂಟೆಗೆ ಎಲ್ಲರನ್ನೂ ಕರಿ, ಅರ್ವಿಡ್. ಒಲೆ ಆರಿರ್ಲಿ.”

ಎರಡು ಗಂಟೆಗೆ ಎಲ್ಲರೂ ಬಂದರು. ಹಡಗು ಕಿಟಕಿಯ ತುಂಬ ನಿಂತಿತ್ತು. ಮೇಜಿನ ಮೇಲೆ ಯೆಪ್ಪೆಯ ಎರಡು ಕಾಗದಗಳಿದ್ದವು, ಒಂದು ಟ್ರುಲ್ಸ್‌ನ ಒಪ್ಪಂದ, ಇನ್ನೊಂದು ಸಂಘಕ್ಕೆ ದೂರು. ಪಕ್ಕದಲ್ಲಿ, ಸೋಮವಾರ ಯೆಪ್ಪೆ ತಂದುಹಾಕಿದ್ದ ಕರಪತ್ರದ ಕರಡು. ‘ಮಾರೆತ್ ದಾರಿ’ ಎಂದು ದೊಡ್ಡ ಅಕ್ಷರ, ಕೆಳಗೆ ಕಲ್ಲುಗುಪ್ಪೆಯ ಚಿತ್ರ. ಮಾರೆತ್ ಯಾರನ್ನೂ ನೋಡದೆ ಕೂತಿದ್ದಳು. ಹಿಲ್ಮಾರ್ ಒಲೆಯ ಪಕ್ಕದ ತನ್ನ ಜಾಗದಲ್ಲಿದ್ದ.

“ಯೆಪ್ಪೆ ಅವರೇ,” ಎಂದು ರಾಗ್ನಾ ಶುರುಮಾಡಿದಳು. “ಮಂಗಳವಾರ ನೀವು ಹೊರಟಾಗ ಸೌದೆ ಎಷ್ಟಿತ್ತು?”

“ಒಂದು ತುಂಡೂ ಇರ್ಲಿಲ್ಲ ಅಂದ್ನಲ್ಲ.”

“ಗುರುವಾರ ಗೂಡು ತುಂಬಿತ್ತು. ಅಂದ್ರೆ ಮಧ್ಯೆ, ಬುಧವಾರ, ಯಾರೋ ಬಂದಿದ್ದಾರೆ. ಬಂದವರು ಸೌದೆ ಕಡಿದು ತುಂಬಿಸಿದ್ದಾರೆ. ಆದ್ರೆ ಪುಸ್ತಕದಲ್ಲಿ ಹೆಸರಿಲ್ಲ. ನಿಮಗೆ ಪುಸ್ತಕ ಗೊತ್ತಿರ್ಲಿಲ್ಲ, ಸೌದೆ ತುಂಬಿಸಿ ಹೋಗ್ಬೇಕು ಅನ್ನೋದೂ ಗೊತ್ತಿರ್ಲಿಲ್ಲ. ಸೌದೆ ವಿಷಯ ಗೊತ್ತಿರೋನಿಗೆ ಪುಸ್ತಕ ಗೊತ್ತಿಲ್ದೆ ಇರುತ್ತಾ? ಬೇಕಂತಲೇ ಬರ್ದಿಲ್ಲ. ಪೆಟ್ಟಿಗೆ ತಗೊಂಡೋನು ಅವನೇ.”

ನಾನು ಟ್ರುಲ್ಸ್‌ನ ಕಡೆ ನೋಡಿದೆ. ಅವನ ನಗು ಮಾಯವಾಗಿತ್ತು. “ನನ್ನನ್ಯಾಕೆ ನೋಡ್ತೀಯಾ? ಬುಧವಾರ ಬೆಳಿಗ್ಗೆಯಿಂದ ಸಂಜೆವರೆಗೂ ಇವರನ್ನ ಬಸ್ಸಲ್ಲಿ ಸುತ್ತಿಸ್ತಿದ್ದೆ.”

“ನಿಜ,” ಎಂದ ಯೆಪ್ಪೆ. “ಹಾಗಾದ್ರೆ ಮಾರೆತ್ ಅವರೇ ಯಾಕಾಗಿರ್ಬಾರ್ದು?”

“ಬುಧವಾರ ಪೂರ್ತಿ ಇವಳು ನನ್ನ ಅಡುಗೆಮನೇಲಿ ದಾರಿ ಊಟ ಕಟ್ತಾ ಇದ್ಲು,” ಎಂದೆ ನಾನು.

“ನೀವು ಅವರ ಸ್ನೇಹಿತರು.”

“ಹೌದು, ಇವನ ಸಾಕ್ಷಿ ನಂಬ್ಬೇಡಿ,” ಎಂದಳು ರಾಗ್ನಾ. ನನಗೆ ಸಿಟ್ಟು ಬಂತು, ಅವಳು ಲೆಕ್ಕಿಸಲಿಲ್ಲ. “ಔಷಧಿ ಚೀಲ ನೋಡಿ. ಪೆಟ್ಟಿಗೆ ಒಳಗಿದ್ದದ್ದು ಮೊಳೆಗೆ ಬಂದಿದೆ. ಪೆಟ್ಟಿಗೆ ಹೊತ್ತೊಯ್ಯೋಕೆ ಮುಂಚೆ ಅದನ್ನ ತೆಗೆದು ಕಣ್ಣಿಗೆ ಬೀಳೋ ಕಡೆ ತೂಗುಹಾಕಿದ್ದಾನೆ. ಯಾರಾದ್ರೂ ಗಾಯ ಮಾಡ್ಕೊಂಡು ಬಂದ್ರೆ ಸಿಗ್ಲಿ ಅಂತ. ಅವನಿಗೆ ಕೆಡಿಸ್ಬೇಕಾಗಿದ್ದು ಒಬ್ಬಳ ಹೆಸರು, ದಾರಿಹೋಕರ ಜೀವ ಅಲ್ಲ. ಇನ್ನು ಉಳಿದದ್ದು ಒಂದೇ.” ಅವಳು ತಿರುಗಿದಳು. “ಒಲೆ ಆರಿದೆ. ಸ್ವಲ್ಪ ಹಚ್ತೀಯಾ, ಹಿಲ್ಮಾರ್?”

ಹಿಲ್ಮಾರ್ ಎದ್ದ. ಚಕ್ಕೆ ಜೋಡಿಸಿದ, ಕಡ್ಡಿ ಗೀರಿದ. ಮೊದಲ ಕಡ್ಡಿಗೇ ಬೆಂಕಿ ಹತ್ತಿತು. ಆಮೇಲೆ ಪೊಟ್ಟಣವನ್ನು ಕೆಳಗಿಡುವ ಮುನ್ನ ಅವನ ಬೆರಳುಗಳು ತಾವಾಗಿಯೇ ಆಡಿದವು. ಒಂದು ಕಡ್ಡಿಯನ್ನು ಅರ್ಧ ಹೊರಗೆಳೆದ. ಇನ್ನೊಂದು. ಮತ್ತೊಂದು.

“ಈ ಸೀಮೆಯಲ್ಲಿ ಎಲ್ಲರೂ ಒಂದೇ ಕಡ್ಡಿ ಎಳೆದಿಡೋದು,” ಎಂದಳು ರಾಗ್ನಾ ಮೆತ್ತಗೆ. “ಹೆಪ್ಪುಗಟ್ಟಿದ ಕೈಯವನು ಬಂದ್ರೆ ಪೊಟ್ಟಣ ತೆರೆಯೋಕಾಗಲ್ಲ ಅಂತ. ನೀನು ಮೂರು ಇಡ್ತೀಯಾ. ಗುರುವಾರ ತಂಗುಮನೇಲೂ ಮೂರಿತ್ತು.”

ಹಿಲ್ಮಾರ್ ಕೈಯಲ್ಲಿದ್ದ ಪೊಟ್ಟಣವನ್ನೇ ನೋಡಿದ. ಹೆಬ್ಬೆರಳು ಕಡ್ಡಿಗಳ ಮೇಲೆ ಬಂದು ನಿಂತಿತು. ಒಳಗೆ ತಳ್ಳಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತೇನೋ, ಮೂರು ಬೆಂಕಿಕಡ್ಡಿ ಯಾವ ನ್ಯಾಯಾಲಯದಲ್ಲೂ ಸಾಕ್ಷಿಯಲ್ಲ. ಅವನ ಬೆರಳು ಮಾತ್ರ ಕದಲಲಿಲ್ಲ.

“ನಾನೂ ಮೂರೇ ಇಡೋದು,” ಎಂದಳು ಮಾರೆತ್. ಅಂದು ಅವಳಾಡಿದ ಮೊದಲ ಮಾತು ಅದು. “ಹಿಲ್ಮಾರ್ ಅಜ್ಜ ಕಲ್ಸಿದ್ದು. ಒಂದು ಮುರಿಯುತ್ತೆ, ಒಂದು ಗಾಳಿಗೆ ಆರುತ್ತೆ, ಮೂರನೇದು ಜೀವ ಉಳಿಸುತ್ತೆ ಅಂತ.” ಅವಳು ಯೆಪ್ಪೆಯ ಕಡೆ ತಿರುಗಿದಳು. “ನಾನೇ ಅಂತ ಬರ್ಕೊಳ್ಳಿ ಬೇಕಾದ್ರೆ.”

ಹಿಲ್ಮಾರ್ ಪೊಟ್ಟಣವನ್ನು ಮೇಜಿನ ಮೇಲಿಟ್ಟ. “ಬೇಡ,” ಎಂದ. “ನಾನು. ಪೆಟ್ಟಿಗೆ ತಂಗುಮನೆ ಹಿಂದಿನ ಕೆರೆ ದಂಡೇಲಿ ಬೋರಲು ಹಾಕಿರೋ ದೋಣಿ ಕೆಳಗಿದೆ. ಎಲ್ಲಾ ಒಣಗೇ ಇದೆ.”

“ಇನ್ನೂರು ಹೆಜ್ಜೆ,” ಎಂದಳು ರಾಗ್ನಾ. “ನೀನು ಅದಕ್ಕಿಂತ ದೂರ ಹೊತ್ತಿರಲಾರೆ ಅಂತ ನಾನೂ ಅಂದ್ಕೊಂಡಿದ್ದೆ.”

“ಯಾಕಜ್ಜ?” ಎಂದಳು ಮಾರೆತ್.

ಅವನು ಕರಪತ್ರದ ಮೇಲೆ ಬೆರಳಿಟ್ಟ. “ಈ ಕಲ್ಲು ಯಾರು ಹೊತ್ತಿದ್ದು? ಮಂಗಳವಾರ ಕಾಫಿ ಕುಡೀತಾ ಓದಿದೆ. ಅರವತ್ತೈದು ದಾಟಿದ ಮಾರ್ಗದರ್ಶಿಗಳು ಬೇಡ ಅಂತಾನೂ ಇತ್ತು. ಕಂಪನಿ ಹೇಳಿದ್ರೆ ಹೇಳ್ಲಿ. ನೀನು ನನ್ನ ಮನೆಗೆ ಬಂದು ಒಂದು ಮಾತು ಹೇಳ್ಬಹುದಿತ್ತು ಮಗಳೇ.”

ಮಾರೆತ್‌ಳ ಕಣ್ಣು ತುಂಬಿತು. “ಹೇಳ್ಬೇಕಿತ್ತು,” ಎಂದಳು. “ಧೈರ್ಯ ಸಾಲ್ಲಿಲ್ಲ.”

ಯೆಪ್ಪೆ ಎರಡೂ ಕಾಗದಗಳನ್ನು ಮಡಿಸಿ ಒಲೆಗೆ ಹಾಕಿದ. ಟ್ರುಲ್ಸ್ ಎದ್ದು ಹೋದ, ಬೆಳಗಿನ ವಾಫಲ್ ದುಡ್ಡನ್ನೂ ಕೊಡದೆ. “ಒಪ್ಪಂದ ನಿಮ್ಮದೇ,” ಎಂದು ಯೆಪ್ಪೆ ಮಾರೆತ್‌ಗೆ ಹೇಳಿದ. “ಇವರ ಮೇಲೆ ಪೊಲೀಸರಿಗೆ ದೂರು ಕೊಡ್ಬೇಕಾ?”

“ಬೇಡ. ಆದ್ರೆ ಆ ದಾರಿಗೆ ಇವರು ಇನ್ನು ಬರ್ಬಾರ್ದು.” ಅವಳು ಹಿಲ್ಮಾರ್‌ನನ್ನು ನೇರವಾಗಿ ನೋಡಿ ಹೇಳಿದಳು. “ಹನ್ನೆರಡು ಜನರನ್ನ ಕರ್ಕೊಂಡು ಹೋಗೋಳು ನಾನು. ಪೆಟ್ಟಿಗೆ ಇರುತ್ತೋ ಇಲ್ವೋ ಅಂತ ಹೆದರ್ತಾ ನಡಿಯೋಕಾಗಲ್ಲ ಅಜ್ಜ.”

ಅವನು ತಲೆಯಾಡಿಸಿ ಟೋಪಿ ಎತ್ತಿಕೊಂಡ. ಗೆದ್ದ ದಿನ ರಾಗ್ನಾ ಎರಡು ಕಪ್ ಕಾಫಿ ಕುಡಿಯುತ್ತಾಳೆ. ಅಂದು ಒಂದೂ ಕುಡಿಯಲಿಲ್ಲ.

ಜೂನ್‌ನಲ್ಲಿ ಹಡಗು ಬಂತು. ಹನ್ನೆರಡು ಅತಿಥಿಗಳು ಮಾರೆತ್ ಹಿಂದೆ ಬಯಲಿನ ದಾರಿ ಹಿಡಿದರು. ಅವರ ಕೈಯಲ್ಲಿದ್ದ ಕರಪತ್ರದ ಮೇಲೆ ‘ಹಿಲ್ಮಾರ್ ದಾರಿ’ ಎಂದಿತ್ತು. ಮಾರೆತ್ ಕಂಪನಿಗೆ ನಾಲ್ಕು ಪತ್ರ ಬರೆದು ಜಗಳವಾಡಿ ಹಾಕಿಸಿದ್ದಳಂತೆ. ಒಂದು ಪ್ರತಿಯನ್ನು ನಾನು ಹಿಲ್ಮಾರ್‌ನ ಮನೆಗೆ ಒಯ್ದು ಕೊಟ್ಟೆ. ಅವನು ಮೂರು ಸಲ ಓದಿದ, ಕಿಟಕಿಯಿಂದ ಬಯಲಿನ ಕಡೆ ನೋಡಿದ.

ಮರುದಿನ ಏಳು ಗಂಟೆಗೆ, ಒಂಬತ್ತು ತಿಂಗಳ ಮೇಲೆ, ನನ್ನ ಅಂಗಡಿಗೆ ಬಂದು ಒಲೆ ಹಚ್ಚಿದ. ಅವನು ಹೋದ ಮೇಲೆ ಪೊಟ್ಟಣ ನೋಡಿದೆ. ಮೂರು ಕಡ್ಡಿಗಳು ಅರ್ಧ ಹೊರಗಿದ್ದವು. ನಾನು ಅವನ್ನು ಹಾಗೇ ಬಿಟ್ಟೆ.