ಸೀಸೆಯ ಮೇಲಿನ ತಾರೀಕು

1962ರ ಜೂನ್ 22, ಶುಕ್ರವಾರ. ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಹಂಪನಕಟ್ಟೆಯ ಡಾಕ್ಟರ್ ರುಡೊಲ್ಫ್ ಠಾಣೆಗೆ ಬಂದು ದೂರು ಕೊಟ್ಟರು. ದವಾಖಾನೆಯ ಬೀರುವಿನಿಂದ ಮದ್ದಿನ ದಾಸ್ತಾನು ಪುಸ್ತಕವೂ ಸೀರಮ್‌ನ ಮೂರು ಸೀಸೆಗಳೂ ಕಾಣೆಯಾಗಿದ್ದವು. ಸಬ್ ಇನ್‌ಸ್ಪೆಕ್ಟರ್ ಜಯ ಎಫ್‌ಐಆರ್ ಬರೆದು, ಎಲ್ಲಾದರೂ ತಪ್ಪಿದೆಯೋ ಎಂದು ಎರಡು ಸಲ ಓದಿಕೊಂಡರು.

"ಕದಿಯಲಿಕ್ಕೆ ಅದರಲ್ಲಿ ಎಂತ ಉಂಟು ಡಾಕ್ಟ್ರೇ?"

"ಅದೇ ಗೊತ್ತಾಗುವುದಿಲ್ಲ. ಬುಧವಾರ ಆ ಸೀರಮ್ ಕೊಟ್ಟ ಮಗು ತೀರಿಕೊಂಡಿತು. ಮಣ್ಣಗುಡ್ಡದ ಕಿನ್ನಿ. ಗಂಟಲಮಾರಿ, ಡಿಫ್ತೀರಿಯಾ. ಐದನೇ ದಿನಕ್ಕೆ ತಂದರು, ಸೀರಮ್ ಹಿಡಿಯಲಿಕ್ಕೆ ತಡವಾಗಿತ್ತು."

ಹತ್ತೂವರೆಗೆ ದವಾಖಾನೆಯಲ್ಲಿ ಪಂಚನಾಮೆ. ಬೀಗ ಮುರಿದಿರಲಿಲ್ಲ. ಡಾಕ್ಟರರನ್ನು ಬಿಟ್ಟರೆ ಕೀಲಿಕೈ ಇದ್ದದ್ದು ಕಂಪೌಂಡರ್ ಮೊರಿಸನ ಬಳಿ. ಅವನು ಜ್ವರವೆಂದು ಬಂದಿರಲಿಲ್ಲ. ಖಾಲಿ ಡಬ್ಬಿಗಳ ರಾಶಿಯಿಂದ ಕಾನ್‌ಸ್ಟೇಬಲ್ ಬೋಜ ಸೀರಮ್‌ನ ಡಬ್ಬಿಯನ್ನು ಹೆಕ್ಕಿದ. ಅವಧಿ: 8-5-62.

"ಮೇ ಎಂಟಕ್ಕೇ ಮುಗಿದಿದೆ ಸಾರ್! ಹಳೇ ಮದ್ದು ಚುಚ್ಚಿದ್ದಾರೆ ಮಾರಾಯ್ರೆ!"

"ಅಮೆರಿಕದ ಮಾಲು ಅದು," ಎಂದರು ಡಾಕ್ಟರ್. "ಅವರು ಮೊದಲು ತಿಂಗಳು ಬರೆಯುತ್ತಾರೆ, ಆಮೇಲೆ ದಿನ."

ಜಯ ಒಳಗಿನ ಚೀಟಿ ಬಿಡಿಸಿದರು. ಆಗಸ್ಟ್ ಐದು ಎಂದು ಅಕ್ಷರದಲ್ಲೇ ಇತ್ತು. ಆದರೂ ತಿಂಗಳುಗಳನ್ನು ಬೆರಳಲ್ಲಿ ಎಣಿಸಿ ನೋಡಿದರು.

ಮಧ್ಯಾಹ್ನ ಒಂದೂಕಾಲು, ಬಿಜೈ. ಮೊರಿಸನ ಹೆಂಡತಿ ರೊಸಾಲಿನ್ ಬಾಗಿಲು ತೆರೆದಳು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಮೊರಿಸ್ ಮಂಚದ ತುದಿಯಲ್ಲಿ ಕೂತಿದ್ದ. ಮೈಯಲ್ಲಿ ಜ್ವರವಿರಲಿಲ್ಲ.

"ಪುಸ್ತಕ ಎಲ್ಲಿ?"

"ಒಲೆಗೆ ಹಾಕಿದೆ."

"ಸೀಸೆ?"

"ಹಿತ್ತಿಲಲ್ಲಿ ಹುಗಿದಿದ್ದೇನೆ."

"ಎಂತಕ್ಕೆ?"

"ತಾರೀಕು ನೋಡದೆ ತೆಗೆದುಕೊಟ್ಟದ್ದು ನಾನು ಸಾರ್. ಮಗು ಹೋದ ಮೇಲೆ ನೋಡಿದರೆ ಮೇ ಎಂಟಕ್ಕೇ ಮುಗಿದಿತ್ತು. ಪುಸ್ತಕದಲ್ಲಿ ನನ್ನ ಸಹಿ ಉಂಟು. ಆ ಮಗುವನ್ನು ನಾನೇ ಕೊಂದೆ."

ಜಯ ಚೀಟಿಯನ್ನು ಅವನ ಕೈಗಿತ್ತು, ಅಮೆರಿಕದವರ ಕ್ರಮವನ್ನು ಹೇಳಿದರು. ಮೊರಿಸ್ ಓದಿದ, ಮತ್ತೆ ಓದಿದ.

"ಹಾಗಾದರೆ ಮದ್ದು ಸರಿ ಇತ್ತಾ?"

"ಸರಿ ಇತ್ತು."

ರೊಸಾಲಿನ್ ಶಿಲುಬೆಯ ಗುರುತು ಹಾಕಿಕೊಂಡಳು. "ದೇವರು ದೊಡ್ಡವ. ಕೂತುಕೊಳ್ಳಿ, ಎಲ್ಲರಿಗೂ ಗಂಜಿ ಬಡಿಸ್ತೇನೆ."

ಜಯ ಕೂರಲಿಲ್ಲ. ಪುಸ್ತಕ ಬೂದಿಯಾಗಿತ್ತು, ದೂರು ದಾಖಲಾಗಿತ್ತು. ನೌಕರನಿಂದ ಕಳವು, ಕಲಂ 381.

"ಡಾಕ್ಟ್ರ ಹತ್ತಿರ ಒಂದು ಮಾತು ಕೇಳಲಿಕ್ಕೆ ಎಂತ ಆಗಿತ್ತು ಮಾರಾಯಾ?" ಎಂದ ಬೋಜ.

"ಕೇಳಿದರೆ ನಾನೇ ತಪ್ಪು ಒಪ್ಪಿಕೊಂಡ ಹಾಗೆ ಆಗ್ತಿತ್ತು."

ಎರಡು ಗಂಟೆ ಐದು ನಿಮಿಷಕ್ಕೆ ಬಂಧನ ಎಂದು ಜಯ ಬರೆದುಕೊಂಡರು. ಕಾರಣದ ಸಾಲಿನಲ್ಲಿ 'ಹೆದರಿಕೆ' ಎಂಬ ಒಂದೇ ಪದ ಬರೆದರು. ಸಾಕೋ ಸಾಲದೋ ತಿಳಿಯಲಿಲ್ಲ. ಮೊರಿಸ್ ಗಂಜಿಯ ಬಟ್ಟಲನ್ನು ನಿಂತೇ ಎತ್ತಿದ. ಎರಡು ದಿನಗಳ ಬಳಿಕ ಅದು ಮೊದಲ ಗುಟುಕು. ಮುಗಿಯುವವರೆಗೆ ಬೋಜ ಬೇಡಿಯನ್ನು ಬೆನ್ನ ಹಿಂದೆ ಹಿಡಿದುಕೊಂಡಿದ್ದ.